ಮೂರು ನಿಮಿಷದೊಳಗೆ ಉಳಿದ ಉಸ್ತಾದರು

ಹಿಂದೂಸ್ತಾನಿ ಸಂಗೀತ ಅಂದ ಕೂಡಲೇ ಗದಗ ಸೀಮೆಯವರಾದ ನಾವು ಭೀಮಸೇನ ಜೋಶಿ ಅಂತೀವಿ. ರೋಣದ ಜೋಶಿ ಮನೆತನದವರು ಅವರು. ಅಸೂಟಿಯವರಾದ ನಮಗೆ ರೋಣ ತಾಲೂಕು ಊರು, ಹಂಗಾಗಿ ಹೆಮ್ಮೆ ಸ್ವಲ್ಪ ಜಾಸ್ತಿನೇ. ಆದರೆ ಅವರನ್ನು ಮನೆ ಬಿಡಿಸಿದ್ದು ಒಂದು ಗ್ರಾಮಫೋನ್ ಪ್ಲೇಟು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅಂಗಡಿಯಲ್ಲಿ ಹಚ್ಚಿದ್ದ ಝಿಂಝೋಟಿ ರಾಗದ ಠುಮ್ರಿ ಕೇಳಿ, ಹಾಡಿದರೆ ಹಿಂಗ ಹಾಡಬೇಕು ಅಂತ 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಹೊರಟುಬಿಟ್ಟರು. ಆ ಪ್ಲೇಟಿನೊಳಗೆ ಹಾಡಿದವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಈ ಸಂಚಿಕೆಯಲ್ಲಿ ಅವರ ಜೀವನವನ್ನು ತಿಳಿಯೋಣ.

ಖಾನ್ ಸಾಹೇಬರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾ ಎಂಬ ಊರಲ್ಲಿ. ಇವತ್ತು ನಾವು ಕಿರಾನಾ ಘರಾಣೆ ಅಂತ ಕರೆಯೋದು ಆ ಊರಿನ ಹೆಸರಿನಿಂದಲೇ. ಮನೆಯೇ ಸಂಗೀತದ ಮನೆ. ಚಿಕ್ಕವರಿದ್ದಾಗ ತಮ್ಮ ಅಬ್ದುಲ್ ಹಕ್ ಜೊತೆ ಹಾಡುತ್ತಾ ಬರೋಡಾ ದರ್ಬಾರಿಗೆ ಬಂದರು. ಅಲ್ಲಿ ತಾರಾಬಾಯಿ ಮಾನೆ ಎಂಬ ದೊಡ್ಡ ಮನೆತನದ ಹುಡುಗಿಗೆ ಸಂಗೀತ ಹೇಳಿಕೊಟ್ಟರು, ಇಬ್ಬರೂ ಪ್ರೀತಿಸಿದರು, ಬರೋಡಾ ಬಿಟ್ಟರು. ಆಮೇಲೆ ಮುಂಬೈ, ಮಿರಜ್ ಕಡೆ ಸಂಸಾರ ನಡೆಯಿತು.

ನಮ್ಮ ಕಡೆಯ ನಂಟು ಶುರುವಾಗೋದು ಇಲ್ಲಿಂದ. ಮೈಸೂರು ಅರಮನೆಯಿಂದ ಅವರಿಗೆ ಮತ್ತೆ ಮತ್ತೆ ಕರೆ ಬರುತ್ತಿತ್ತು, ಅರಮನೆ ಸಂಗೀತ ರತ್ನ ಎಂಬ ಬಿರುದನ್ನೂ ಕೊಟ್ಟಿತು. ಮೈಸೂರಿಗೆ ಹೋಗುವಾಗ ಧಾರವಾಡದಲ್ಲಿ ಇಳಿದು ತಮ್ಮನ ಮನೆಯಲ್ಲಿ ಇರುತ್ತಿದ್ದರು, ಪಾಠ ಹೇಳುತ್ತಿದ್ದರು. ಕುಂದಗೋಳದ ರಾಮಭಾವು, ಅಂದರೆ ಮುಂದೆ ಸವಾಯಿ ಗಂಧರ್ವ ಅನಿಸಿಕೊಂಡವರು, ಅವರ ಶಿಷ್ಯರಾದರು. ಭೀಮಸೇನರು ಊರೂರು ಅಲೆದು ಕೊನೆಗೆ ಬಂದು ನಿಂತಿದ್ದೂ ಈ ಸವಾಯಿ ಗಂಧರ್ವರ ಮನೆ ಬಾಗಿಲಿಗೇ. ಗಂಗೂಬಾಯಿ ಹಾನಗಲ್ ಅವರಿಗೂ ಅವರೇ ಗುರು. ಇತ್ತ ಖಾನ್ ಸಾಹೇಬರೂ ಮೈಸೂರಿನಿಂದ ಬರಿಗೈಯಲ್ಲಿ ಬರಲಿಲ್ಲ. ಕರ್ನಾಟಕ ಸಂಗೀತದ ವಿದ್ವಾಂಸರನ್ನು ಕೇಳಿ, ಸರಿಗಮ ಹಾಡುವ ರೀತಿಯನ್ನು ತಮ್ಮ ಗಾಯನಕ್ಕೆ ಸೇರಿಸಿಕೊಂಡರು. ತ್ಯಾಗರಾಜರ ಕೃತಿಯನ್ನೂ ಪ್ಲೇಟಿಗೆ ಹಾಡಿದ್ದಾರೆ. ಉತ್ತರದ ಉಸ್ತಾದರು ಹೀಗೆ ಮಾಡೋದು ಆ ಕಾಲಕ್ಕೆ ಸಣ್ಣ ವಿಷಯ ಅಲ್ಲ.

1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಇಂಜಿನಿಯರಿಂಗ್ ಓದುವ ನಮಗೆ ಇಷ್ಟವಾಗುವ ಮಾತು ಇನ್ನೊಂದಿದೆ: ಕೆಟ್ಟ ವಾದ್ಯಗಳನ್ನು ತಾವೇ ರಿಪೇರಿ ಮಾಡುತ್ತಿದ್ದರು. ಸಾಂಗ್ಲಿಯ ದೇವಲ್ ಎಂಬುವರು ಶ್ರುತಿಗಳನ್ನು ಅಳತೆ ಮಾಡಲು ಹೊರಟಾಗ ತಮ್ಮ ಕಿವಿ ಮತ್ತು ಕಂಠದಿಂದ ಸಹಾಯ ಮಾಡಿದರು.

ಆದರೆ ಮನೆಯಲ್ಲಿ ಶ್ರುತಿ ಕೂಡಲಿಲ್ಲ. 1922ರಲ್ಲಿ ತಾರಾಬಾಯಿ ಐದೂ ಮಕ್ಕಳನ್ನು ಕರೆದುಕೊಂಡು ಬೇರೆ ಹೋದರು. ಮಕ್ಕಳು ತಂದೆಯ ಹೆಸರಿನಿಂದಲ್ಲ, ಬೇರೆ ಹೆಸರುಗಳಿಂದ ಬೆಳೆದರು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೆಕರ್, ಸರಸ್ವತಿ ರಾಣೆ, ಎಲ್ಲರೂ ಹೆಸರಾಂತ ಗಾಯಕರೇ. ಅಪ್ಪನ ದನಿ ಮಕ್ಕಳಿಗೆ ಬಂತು, ಹೆಸರು ಮಾತ್ರ ಬರಲಿಲ್ಲ.

ಈಗ ಪ್ಲೇಟಿನ ವಿಷಯ. 1905ರ ಸುಮಾರಿಗೆ ಅವರು ಮೊದಲ ಸಲ ರೆಕಾರ್ಡಿಂಗ್ ಮಾಡಿದಾಗ ಮೈಕ್ ಇರಲಿಲ್ಲ. ದೊಡ್ಡ ಕೊಂಬಿನೊಳಗೆ ಜೋರಾಗಿ ಹಾಡಬೇಕು, ಆ ದನಿಯ ಬಲದಿಂದಲೇ ಸೂಜಿ ಅಲುಗಾಡಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. 1925ರ ನಂತರ ವಿದ್ಯುತ್ ಮೈಕ್ ಬಂತು. 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಹಾಡುವಾಗ ಅವರಿಗೆ ಕಿರುಚುವ ಅಗತ್ಯ ಇರಲಿಲ್ಲ. ಎಳೆ ಎಳೆಯಾಗಿ ಸ್ವರ ಬಿಡಿಸುವ ಆ ತೆಳು ದನಿ ಹಂಗೇ ಕೇಳುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ಪ್ಲೇಟು, ಒಂದು ಬದಿಗೆ ಮೂರು ನಿಮಿಷದಷ್ಟು ಹಾಡು. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರೊಳಗೆ ಕೂಡಿಸಬೇಕು. ಕೂಡಿಸಿದರು ನೋಡ್ರಿ!

1937ರ ಅಕ್ಟೋಬರಿನಲ್ಲಿ ಮದ್ರಾಸ್ ಕಡೆ ಪ್ರವಾಸದಲ್ಲಿದ್ದಾಗ, ಪಾಂಡಿಚೇರಿಗೆ ಹೋಗುವ ರೈಲಿನಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮ್ ಮೇಲೆ ತಂಬೂರಿ ಶ್ರುತಿ ಮಾಡಿಸಿ, ದೇವರ ನೆನೆದು ಹಾಡಿ ಪ್ರಾಣ ಬಿಟ್ಟರು ಅಂತ ಹೇಳುತ್ತಾರೆ. ಮಿರಜ್‌ನ ದರ್ಗಾದಲ್ಲಿ ಅವರ ಸಮಾಧಿ ಇದೆ. ಅಲ್ಲಿ ಈಗಲೂ ಉರುಸಿನಲ್ಲಿ ಸಂಗೀತ ಸೇವೆ ನಡೆಯುತ್ತದೆ.

ಅವರು ಹೋದ ಮೇಲೆ ಉಳಿದಿದ್ದು ಬಿಡಿಬಿಡಿ ಪ್ಲೇಟುಗಳು. ಅವುಗಳನ್ನು ಒಂದುಗೂಡಿಸಿ ಎಲ್‌ಪಿ, ಆಮೇಲೆ ಕ್ಯಾಸೆಟ್, ಸಿಡಿ ಮಾಡಿದ್ದರಿಂದ ನಮಗೆ ಅವರು ಸಿಕ್ಕರು. ಅಮೆರಿಕದಲ್ಲೂ ಇದೇ ನಡೆದಿದೆ. ಗ್ಯಾರೇಜಿನಲ್ಲಿ ಬಾರಿಸುತ್ತಿದ್ದ ಹುಡುಗರ ಮರೆತುಹೋದ ಸಿಂಗಲ್‌ಗಳನ್ನು 1972ರಲ್ಲಿ ಲೆನ್ನಿ ಕೇ ಎಂಬುವರು ಆರಿಸಿ ನಗೆಟ್ಸ್ ಎಂಬ ಎರಡು ಪ್ಲೇಟಿನ ಸಂಕಲನ ಮಾಡಿದರು. ಒಟ್ಟು 27 ಹಾಡು. ಮುಂದೆ ಪಂಕ್ ಬಾರಿಸಿದ ಎಷ್ಟೋ ಹುಡುಗರಿಗೆ ಅದೇ ಪಾಠಪುಸ್ತಕ ಆಯ್ತು. ಹಾಡಿದವರಷ್ಟೇ ಕೂಡಿಟ್ಟವರೂ ದೊಡ್ಡವರು.

ನಮ್ಮ ರೋಣ, ನರಗುಂದ, ಗಜೇಂದ್ರಗಡ ಕಡೆ ಹಳೆ ಮನೆಗಳ ಅಟ್ಟದ ಮೇಲೆ ಇಂಥ ಪ್ಲೇಟು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅವು ಅರಗಿನಿಂದ ಮಾಡಿದವು, ಕೈ ಜಾರಿದರೆ ಒಡೆಯುತ್ತವೆ. ಸ್ಪಿರಿಟ್ ಹಚ್ಚಿ ಒರೆಸಿದರೆ ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ. ಒಣ ಮೆತ್ತನೆ ಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ, ಲೇಬಲ್ಲಿನ ಮತ್ತು ಅದರ ನಂಬರಿನ ಫೋಟೋ ತೆಗೆಯಿರಿ. ಆ ಠುಮ್ರಿಯ ಪ್ಲೇಟನ್ನು ಅಂಗಡಿಯವನು ಅವತ್ತು ಹಚ್ಚದೇ ಇದ್ದಿದ್ದರೆ ನಮಗೆ ಭೀಮಸೇನರು ಸಿಗುತ್ತಿದ್ದರೋ ಇಲ್ಲವೋ!