ನುಡಿಯನ್ನು ತೂಗಿದ ನ್ಯಾಯವಾದಿ

ವಚನವೆಂಬ ಪದಕ್ಕೆ ಮೂಲದಲ್ಲಿ ನುಡಿಯೆಂದೇ ಅರ್ಥ. ಕಾವ್ಯವೆಂದಲ್ಲ, ಶಾಸ್ತ್ರವೆಂದಲ್ಲ, ಬಾಯಿಂದ ಹೊರಟ ಮಾತು. ಒಬ್ಬರಿಗೆ ಕೊಟ್ಟ ಮಾತಿಗೂ ಲೋಕರೂಢಿಯಲ್ಲಿ ಇದೇ ಹೆಸರುಂಟು. ಹನ್ನೆರಡನೆಯ ಶತಮಾನದ ಶಿವಶರಣರು ಆಡಿದ ನುಡಿಯು ಓಲೆಗರಿಗಳಲ್ಲಿ ನಿಂತು ಇಂದಿನವರೆಗೆ ಬಂದುದು, ಆಡಿದವರು ಬರೆಯುವಷ್ಟೇ ಎಚ್ಚರದಿಂದ ಆಡಿದುದರ ಫಲ. ಆ ಎಚ್ಚರದ ಬೆಲೆಯನ್ನರಿತು, ಶತಮಾನಗಳ ತರುವಾಯ ಆ ನುಡಿಗಳ ಒಂದೊಂದಕ್ಷರಕ್ಕೂ ಕಾವಲು ನಿಂತವರು ವಿಜಯಪುರದ ನ್ಯಾಯವಾದಿಗಳಾದ ಲಿಂಗೈಕ್ಯ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು ಜನಿಸಿದುದು 1880ನೆಯ ಇಸವಿ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ತಾಯಿ ದಾನಮ್ಮನವರು ಮಗನ ಎಳವೆಯಲ್ಲಿಯೇ ತೀರಿಕೊಂಡರು. ಮುಂಬಯಿಯಲ್ಲಿ ವ್ಯಾಸಂಗ ಮಾಡಿ 1904ರಲ್ಲಿ ಕಾನೂನು ಪದವಿಯನ್ನು ಪಡೆದು, ಕೆಲವು ಕಾಲ ಬೆಳಗಾವಿಯಲ್ಲಿದ್ದು, ಬಳಿಕ ಅಂದು ವಿಜಾಪುರವೆನಿಸಿದ್ದ ವಿಜಯಪುರಕ್ಕೆ ಬಂದು ಅವರು ವಕೀಲಿ ವೃತ್ತಿಯಲ್ಲಿ ನೆಲೆನಿಂತರು.

ನ್ಯಾಯಾಲಯವೆಂಬುದು ಮಾತು ಬರಹವಾಗುವ ಸ್ಥಳ. ತಿಕೋಟಾ, ಬಬಲೇಶ್ವರಗಳು ಈಗ ತಾವೇ ತಾಲೂಕುಗಳಾಗಿವೆ. ಅಂದು ವಿಜಾಪುರ ತಾಲೂಕಿನ ಊರುಗಳು. ಅಂಥ ಊರುಗಳ ಒಕ್ಕಲಿಗನು ಹೊಲದ ತಂಟೆಗಾಗಿಯೋ ಸಾಲದ ತಕರಾರಿಗಾಗಿಯೋ ಪಟ್ಟಣದ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಕಟೆಕಟೆಯಲ್ಲಿ ನಿಂತು ಅವನು ಆಡಿದ ಮಾತು ಜಬಾನಿಯೆಂದು ಕಾಗದಕ್ಕಿಳಿಯಿತೆಂದರೆ ಮುಗಿಯಿತು. ತಾನು ಹೇಳಬೇಕೆಂದುದು ಬೇರೆಯಿತ್ತೆಂದು ಅನಂತರ ಅಂಗಲಾಚಿದರೂ ಅದು ಹಿಂದಿರುಗದು. ಸಾಲದ ಪತ್ರದ ಕಥೆ ಇದಕ್ಕೆ ತಿರುವುಮುರುವು. ಸಾವುಕಾರನು ಬಾಯಲ್ಲಿ ಹೇಳಿದ ಬಡ್ಡಿ ಒಂದು, ಪತ್ರದಲ್ಲಿ ಬರೆದುದು ಇನ್ನೊಂದು. ಓದಬಾರದವನು ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಳ್ಳುವನು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಗೂ, 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಹೆಗಲು ಕೊಟ್ಟುದನ್ನು ಈ ಬೆಳಕಿನಲ್ಲಿ ನೋಡಿದರೆ ಅರ್ಥವು ಹೆಚ್ಚುತ್ತದೆ. ಒಂದು, ಬರೆದುದನ್ನು ಓದಬಲ್ಲ ಕಣ್ಣನ್ನು ಕೊಟ್ಟಿತು; ಮತ್ತೊಂದು, ಹೇಳಿದ ಬಡ್ಡಿಯನ್ನೇ ಬರೆಯುವ ಖಾತೆಯನ್ನು ತೆರೆಯಿತು.

ವಚನಗಳ ಗೀಳು ಅವರನ್ನು ಹಿಡಿದುದು ರಬಕವಿಯಲ್ಲಿ. ಅಲ್ಲಿಯ ಮಂಚಾಲೆ ಮನೆತನದಲ್ಲಿ ಓಲೆಗರಿಯ ಕಟ್ಟುಗಳನ್ನು ಕಂಡ ಮೇಲೆ ಅವರು ಊರೂರು ತಿರುಗತೊಡಗಿದರು. ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇದ್ದವು. ಬಹುಮಟ್ಟಿಗೆ ದೇವರ ಜಗುಲಿಯ ಮೇಲೆ, ವಿಭೂತಿ ಪತ್ರೆಗಳ ನಡುವೆ. ಪೂಜೆ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ಹಿರಿಯರು ಪೂಜಿಸಿದ ಕಟ್ಟನ್ನು ಪರರ ಕೈಗೆ ಕೊಡಲು ಮನೆಯವರು ಅಂಜುವುದು ಸಹಜವೇ. ಇಂಥಲ್ಲಿ ಕಚೇರಿಯ ವಾದ ನಡೆಯದು. ನಿಮಗೆ ಓದಲು ಬಾರದು, ನಿಮಗೇಕೆ ಇದು ಎಂಬ ಒಂದು ಬಿರುನುಡಿ ಸಾಕು, ಕಟ್ಟು ಜಗುಲಿಯಲ್ಲಿಯೇ ಉಳಿದು ಹುಳುವಿಗೆ ಆಹಾರವಾಗುವುದು. ಎಷ್ಟೋ ಮನೆಗಳ ಕಟ್ಟುಗಳು ಬಿಚ್ಚಿದುವೆಂಬುದೇ, ಆ ಹೊಸ್ತಿಲುಗಳಲ್ಲಿ ಈ ವಕೀಲರು ಆಡಿದ ಮಾತು ಎಷ್ಟು ಹದವಾಗಿತ್ತೆಂಬುದಕ್ಕೆ ಸಾಕ್ಷಿ.

ಗರಿ ಕೈಗೆ ಬಂದ ಮಾತ್ರಕ್ಕೆ ನುಡಿ ಕೈಗೆ ಬಂದಂತಾಗದು. ಹಳೆಯ ಲಿಪಿಕಾರರು ಪದಗಳನ್ನು ಬಿಡಿಸಿ ಬರೆದವರಲ್ಲ. ಎ ಏ, ಒ ಓಗಳ ಹ್ರಸ್ವ ದೀರ್ಘಗಳನ್ನು ಅನೇಕ ಪ್ರತಿಗಳಲ್ಲಿ ಬೇರೆ ಮಾಡಿ ತೋರಿಸಿಲ್ಲ. ತೊಡು ಎಂಬುದೂ ತೋಡು ಎಂಬುದೂ ಗರಿಯ ಮೇಲೆ ಒಂದೇ. ಒಂದು ಧರಿಸುವುದು, ಇನ್ನೊಂದು ಅಗೆಯುವುದು! ಕೊಡು ಎಂದರೆ ದಾನ, ಕೋಡು ಎಂದರೆ ಕೊಂಬು. ಆಡುವಾಗ ನಾಲಗೆಯು ಈ ಭೇದವನ್ನು ತಾನಾಗಿ ಕಾಯುತ್ತದೆ. ಬರಹದಲ್ಲಿ ಓದುವವನು ಕಾಯಬೇಕು. ಶರಣನು ಕೊಡು ಎಂದುದನ್ನು ಕೋಡು ಎಂದು ಅಚ್ಚಿಸಿದರೆ, ಅದು ಆಡದ ಮಾತನ್ನು ಅವನ ಬಾಯಲ್ಲಿಟ್ಟಂತೆ. ಸಾಕ್ಷಿಯ ಜಬಾನಿಯನ್ನು ತಪ್ಪಾಗಿ ಬರೆದುಕೊಂಡರೆ ಏನಾಗುವುದೆಂದು ನಿತ್ಯ ಕಂಡವರಿಗೆ ಇದರ ಭಾರವನ್ನು ಬೇರೆ ಹೇಳಬೇಕಿರಲಿಲ್ಲ. ಅಂಕಿತದ ಮಾತೂ ಹಾಗೆಯೇ. ಒಬ್ಬರ ನುಡಿ ಇನ್ನೊಬ್ಬರ ಹೆಸರಿಗೆ ಹೋಗಬಾರದು.

ಸಿದ್ಧವಾದ ಹಸ್ತಪ್ರತಿಯನ್ನು ಅವರು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದರು. ಅದು ಅಚ್ಚಾಗದೆ ಹಿಂದಿರುಗಿತು. ಕಡೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗ ಬೆಳಕು ಕಂಡಿತು. ಪರರ ಅಚ್ಚುಕೂಟವನ್ನು ನಂಬಿ ಈ ಕೆಲಸ ಸಾಗದೆಂದು ಅವರಿಗೆ ತಿಳಿಯಿತು. 1925ರಲ್ಲಿ ವಾಸದ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮನೆಯ ಮಂದಿ ಬಾಡಿಗೆಯ ಸೂರಿಗೆ ನಡೆದರು. ಮಾತಿನಿಂದ ಜೀವಿಸುವ ವೃತ್ತಿ ವಕೀಲರದು. ತಮ್ಮ ಮಾತಿನಿಂದ ಗಳಿಸಿದುದನ್ನು ಇವರು ಶರಣರ ಮಾತಿಗೆ ಸುರಿದರು. ಈ ತ್ಯಾಗವನ್ನು ಹೊಗಳುವವರು ಬಹಳ. ಆ ಮನೆಯ ಹೆಣ್ಣುಮಕ್ಕಳು ಅದಕ್ಕೆ ತೆತ್ತ ಬೆಲೆಯನ್ನು ನೆನೆಯುವವರು ಮಾತ್ರ ಕಡಿಮೆ.

1926ರಲ್ಲಿ ಶಿವಾನುಭವ ಪತ್ರಿಕೆ ಮೊದಲಾಯಿತು. ಮರುವರ್ಷ ನವಕರ್ನಾಟಕ ವಾರಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷ ಪೀಠಕ್ಕೆ ಕರೆಯಿತು. ಹಿಂದಿರುಗಿದ ಮೇಲೆ ಮತ್ತೆ ಅದೇ ಗರಿ, ಅದೇ ಮೊಳೆ, ಅದೇ ಕರಡು ತಿದ್ದುವಿಕೆ. ಲಿಪಿಕಾರನ ತಪ್ಪು ಒಂದು ಕಟ್ಟಿಗೆ ಮುಗಿಯುತ್ತದೆ. ಅಚ್ಚಿನ ತಪ್ಪು ಪ್ರತಿಯೊಂದು ಪ್ರತಿಯಲ್ಲೂ ಹೊಕ್ಕು ಮನೆಮನೆಗೆ ಹೋಗುತ್ತದೆ.

ತಪ್ಪುಗಳು ಉಳಿಯಲಿಲ್ಲವೆಂದಲ್ಲ. ಹೆಚ್ಚು ಪ್ರತಿಗಳನ್ನು ಕಂಡ ಮುಂದಿನ ಸಂಪಾದಕರು ಅನೇಕ ಪಾಠಗಳನ್ನು ತಿದ್ದಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ನೀಡಿತು. 1964ನೆಯ ಜೂನ್ 29ರಂದು ಹಳಕಟ್ಟಿಯವರು ವಿಜಯಪುರದಲ್ಲಿ ಲಿಂಗೈಕ್ಯರಾದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಒಂದು ದೀರ್ಘ, ಒಂದು ಒತ್ತು, ಒಂದು ಅಂಕಿತವನ್ನು ಕುರಿತು ವಿದ್ವಾಂಸರ ಚರ್ಚೆ ಇಂದಿಗೂ ನಡೆದೇ ಇದೆ.