65 ದಾಟಿದ ಮೇಲೆ ಹೊಸ ಲ್ಯಾಬ್

ಮುಂಬೈಗೆ ಬಂದು 26 ವರ್ಷವಾಯಿತು. ತ್ಯಾಜ್ಯನೀರು ಶುದ್ಧೀಕರಿಸುವ ಘಟಕವೊಂದರ ಲ್ಯಾಬ್‌ನಲ್ಲಿ ನನ್ನ ಕೆಲಸ. ಕಳೆದ ತಿಂಗಳು ಆ ಲ್ಯಾಬ್ ಮುಚ್ಚುತ್ತಾರೆಂದು ತಿಳಿದಾಗ ಕೈಕಾಲು ತಣ್ಣಗಾಯಿತು. 52ನೇ ವಯಸ್ಸಿನಲ್ಲಿ ಮತ್ತೆ ಹೊಸ ಊರೇ? ಆ ರಾತ್ರಿ ನಿದ್ದೆ ಬಾರದೆ ಕೂತಾಗ ನೆನಪಾದವರು ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ನಾವು ಟ್ಯಾಂಕಿನಲ್ಲಿ ದಿನವೂ ಸಾಕುವ ಬ್ಯಾಕ್ಟೀರಿಯಾಗಳ ಗುಟ್ಟು ಬಿಡಿಸಿದವರು.

1856ರಲ್ಲಿ ಕೀವ್‌ನ ಸಿರಿವಂತರ ಮನೆಯಲ್ಲಿ ಹುಟ್ಟಿದರು. ಕಾನೂನು ಓದಲು ಹೋಗಿ ಬಿಟ್ಟರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಿಯಾನೊ ಕಲಿಯುತ್ತಿದ್ದವರು ಅದನ್ನೂ ಬಿಟ್ಟರು. ಕೊನೆಗೆ ಕೈಹಿಡಿದದ್ದು ವಿಜ್ಞಾನ. 1887ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿದ್ದಾಗ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್‌ನಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳಿವೆ ಎಂದು ತೋರಿಸಿದರು. ಆಮೇಲೆ ಜೂರಿಕ್‌ನಲ್ಲಿ, ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳ ಬೆನ್ನು ಹತ್ತಿದರು. ಆಗ ಎಲ್ಲರೂ ಬಳಸುತ್ತಿದ್ದ ಜೆಲಟಿನ್ ಮೇಲೆ ಅವು ಬೆಳೆಯಲಿಲ್ಲ. ಅವಕ್ಕೆ ಆ ಊಟವೇ ಬೇಡ ಎಂಬುದನ್ನು ಅರಿತು ಸಿಲಿಕಾ ಜೆಲ್ ಮೇಲೆ ಬೆಳೆಸಿದರು. ಬಿಸಿಲೂ ಬೇಡ, ಬೇರೆ ಜೀವಿ ಮಾಡಿಟ್ಟ ಆಹಾರವೂ ಬೇಡ, ಬರೀ ಖನಿಜದ ಮೇಲೆ ಬದುಕು ನಡೆಯುತ್ತದೆ ಎಂಬುದು ಲೋಕಕ್ಕೆ ಹೊಸ ಮಾತಾಗಿತ್ತು.

ಮುಂಬೈಯ ಈ ಅರಬ್ಬೀ ಸಮುದ್ರವನ್ನೇ ನೋಡಿ. ತೀರದಿಂದ ದೂರದಲ್ಲಿ, ಸುಮಾರು 150 ಮೀಟರ್‌ನಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರ ಬದಲು ನೈಟ್ರೇಟನ್ನು ಉಸಿರಾಟಕ್ಕೆ ಬಳಸುತ್ತವೆ. ಕಡಲಿಗೆ ಗೊಬ್ಬರವಾಗಬೇಕಿದ್ದ ಸಾರಜನಕ ಅನಿಲವಾಗಿ ಕೈತಪ್ಪುತ್ತದೆ. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ತ್ಯಾಜ್ಯನೀರಿನ ಘಟಕವೊಂದರಲ್ಲಿ ಅನಾಮಾಕ್ಸ್ ಪತ್ತೆಯಾಯಿತು. ಆಮ್ಲಜನಕವೇ ಇಲ್ಲದೆ ಅಮೋನಿಯಾ, ನೈಟ್ರೈಟ್ ಎರಡನ್ನೂ ಕೂಡಿಸಿ ಸಾರಜನಕ ಬಿಡುವ ಬ್ಯಾಕ್ಟೀರಿಯಾಗಳ ಕೆಲಸ ಅದು. ಮುಂದೆ ಅವು ಕಡಲಲ್ಲೂ ಸಿಕ್ಕವು. ಅವುಗಳದ್ದೂ ವಿನೊಗ್ರಾಡ್‌ಸ್ಕಿ ಕಂಡ ಖನಿಜದ ಬದುಕೇ.

ಅವರ ಬದುಕು ಮಾತ್ರ ನೇರ ಸಾಗಲಿಲ್ಲ. ರಷ್ಯಾಕ್ಕೆ ಮರಳಿ ಹೆಸರು ಮಾಡಿ, ಐವತ್ತರ ಆಸುಪಾಸಿನಲ್ಲೇ ಸಂಶೋಧನೆ ಬಿಟ್ಟು ಉಕ್ರೇನಿನ ತಮ್ಮ ಜಮೀನಿಗೆ ಹೋಗಿ ನೆಲೆಸಿದರು. ಕ್ರಾಂತಿ ಬಂತು, ಆಸ್ತಿ ಹೋಯಿತು, ದೇಶ ಬಿಡಬೇಕಾಯಿತು. 1921ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಪಾಠ ಹೇಳಿದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಕರೆಯಿತು. ಆಗ ಅವರಿಗೆ 65 ದಾಟಿತ್ತು. ಪ್ಯಾರಿಸ್ ಬಳಿಯ ಬ್ರಿ-ಕೋಂಟ್-ರೊಬೆರ್‌ನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಹೊಸದಾಗಿ ಕೆಲಸ ಶುರು ಮಾಡಿದರು. ಮಣ್ಣಿನ ಸೂಕ್ಷ್ಮಜೀವಶಾಸ್ತ್ರದ ಅವರ ದೊಡ್ಡ ಪುಸ್ತಕ ಬಂದದ್ದು 1949ರಲ್ಲಿ. 1953ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ನಾಳೆ ಹೈದರಾಬಾದ್‌ನಲ್ಲಿ ನನಗೆ ಇಂಟರ್‌ವ್ಯೂ. ಮನೆಯವಳು ಬ್ಯಾಗ್ ಕಟ್ಟಿಟ್ಟಿದ್ದಾಳೆ. ನನಗಿನ್ನೂ 52 ಅಷ್ಟೆ.