ಗಂಧದೆಣ್ಣೆ ತೆಗೆಸಿದ ಅರಸ

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರಲೆಂದು ದಿಂಬಿಗೆ ಲ್ಯಾವೆಂಡರ್ ಎಣ್ಣೆಯ ಹನಿ ಹಾಕಿಕೊಳ್ಳುವ ಗೆಳೆಯರು ಈಗ ಹಾಸ್ಟೆಲುಗಳಲ್ಲಿದ್ದಾರೆ. ನಮ್ಮ ನಾಡಿನದೇ ಸುಗಂಧ ತೈಲದ ಕತೆ ಮಾತ್ರ ಅನೇಕರಿಗೆ ಗೊತ್ತಿಲ್ಲ. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಬದುಕಿನ ಒಂದು ಅಧ್ಯಾಯ.

1884ರಲ್ಲಿ ಹುಟ್ಟಿದ ಅವರು ಹತ್ತನೇ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ತಾಯಿ ಕೆಂಪನಂಜಮ್ಮಣ್ಣಿ ರಾಜ್ಯಭಾರ ನೋಡಿಕೊಂಡರು. 1902ರಲ್ಲಿ ಅಧಿಕಾರ ಮಗನ ಕೈಗೆ ಬಂತು. ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮೈಸೂರು ಸರ್ಕಾರ 371 ಎಕರೆ ಭೂಮಿ ಕೊಟ್ಟದ್ದು ಅವರ ಆಳ್ವಿಕೆಯಲ್ಲೇ. (ನಮ್ಮ ಕೊಳಕೂರ ಆಗ ಮೈಸೂರಿಗೆ ಸೇರಿರಲಿಲ್ಲ, ನಿಜಾಮರ ಹೈದರಾಬಾದಿನಲ್ಲಿತ್ತು.)

ಅಲ್ಲಿಯವರೆಗೆ ಮೈಸೂರು ಗಂಧದ ಕೊರಡು ಮಾರುತ್ತಿತ್ತು, ಅದರಿಂದ ಎಣ್ಣೆ ತೆಗೆದು ಲಾಭ ಮಾಡುತ್ತಿದ್ದದ್ದು ಮುಖ್ಯವಾಗಿ ಜರ್ಮನಿ. 1914ರಲ್ಲಿ ಮಹಾಯುದ್ಧ ಶುರುವಾದದ್ದೇ ತಡ, ಕೊರಡು ಗೋದಾಮಿನಲ್ಲೇ ಉಳಿಯಿತು. ಅರಸರು ಮತ್ತು ದಿವಾನ ವಿಶ್ವೇಶ್ವರಯ್ಯನವರು ಕೈಕಟ್ಟಿ ಕೂರಲಿಲ್ಲ. ಅದೇ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಗಂಧದ ಪುಡಿಗೆ ಹಬೆ ಹಾಯಿಸಿ ಎಣ್ಣೆ ಇಳಿಸುವ ವಿಧಾನ ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಸಾಬೂನು ತಯಾರಿಕೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನ ತಜ್ಞರನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಮೈಸೂರು ಸ್ಯಾಂಡಲ್ ಸೋಪ್ ಬಂದದ್ದು ಹೀಗೆ. ಒಬ್ಬ ತರುಣನ ತರಬೇತಿಗೆ ಮಾಡಿದ ಖರ್ಚು ಎಷ್ಟು ಮನೆಗಳಿಗೆ ಅನ್ನವಾಯಿತೋ!

ಆಗ ಗಂಧದೆಣ್ಣೆ ಬರೀ ಸುಗಂಧವಾಗಿರಲಿಲ್ಲ. ಗೊನೋರಿಯಾ ರೋಗಕ್ಕೆ ಯುರೋಪಿನವರು ಅದನ್ನು ಕ್ಯಾಪ್ಸೂಲಿನಲ್ಲಿ ನುಂಗುತ್ತಿದ್ದರು. ನಾಲ್ವಡಿಯವರು 1940ರ ಆಗಸ್ಟ್ 3ರಂದು ತೀರಿಕೊಂಡರು. ಅದೇ ದಶಕದಲ್ಲಿ ಪೆನ್ಸಿಲಿನ್ ಬಂದು ಆ ಔಷಧಿ ಮೂಲೆಗೆ ಸೇರಿತು, ಪರಿಮಳ ಉಳಿಯಿತು.

ಗಂಧವಿರಲಿ ಲ್ಯಾವೆಂಡರ್ ಇರಲಿ, ಇಂಥ ಎಣ್ಣೆಯ ವಾಸನೆಯಿಂದ ಮನಸ್ಸು ತುಸು ಹಗುರಾಗಬಹುದು. ಆದರೆ ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಮನಸ್ಸು ಕುಗ್ಗಿದ್ದರೆ ಅದು ಚಿಕಿತ್ಸೆಯಲ್ಲ, ವೈದ್ಯರ ಬಳಿ ಹೋಗಬೇಕು. ನೈಸರ್ಗಿಕ ಎಂಬ ಧೈರ್ಯದಲ್ಲಿ ಕುಡಿಯುವುದಂತೂ ಬೇಡವೇ ಬೇಡ. ನೇರವಾಗಿ ಹಚ್ಚಿದರೆ ಕೆಲವರಿಗೆ ಚರ್ಮ ಉರಿದು ಗುಳ್ಳೆ ಏಳುತ್ತದೆ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದೆರಡು ಹನಿ ಬೆರೆಸಿ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಬೇಕು. ಕಣ್ಣಿನಿಂದ, ಮಕ್ಕಳ ಕೈಯಿಂದ ದೂರವಿಡಬೇಕು. ಇನ್ನು ಅಗ್ಗದ ಗಂಧದೆಣ್ಣೆ ಸಿಕ್ಕಿತೆಂದು ಹಿಗ್ಗಬೇಡಿ. ಶುದ್ಧ ಗಂಧದೆಣ್ಣೆ ಬಲು ದುಬಾರಿ, ಹೀಗಾಗಿ ಕಲಬೆರಕೆ ಹೆಚ್ಚು. ನಾಲ್ವಡಿಯವರ ಕಾರ್ಖಾನೆಗಳ ವಾರಸುದಾರ ಕೆಎಸ್‌ಡಿಎಲ್ ಇಂದಿಗೂ ಗಂಧದೆಣ್ಣೆ ತಯಾರಿಸುತ್ತದೆ.